ಎರಡನೇ ಗೇರಿನ ಸುಖ

ಚಾರ್ಮಾಡಿ ಘಾಟಿಯ ಬುಡದಲ್ಲಿ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿದ್ದ ಚೀಲಗಳನ್ನೆಲ್ಲ ಡಿಕ್ಕಿಗೆ ಹಾಕಿದೆ. ತಿರುವುಗಳಲ್ಲಿ ಅವು ಜಾರಾಡುವ ಸದ್ದು ಬೇಡವಾಗಿತ್ತು. ಎಂಜಿನ್ ಏನು ಹೇಳುತ್ತದೆಂದು ಕೇಳಿಸಿಕೊಳ್ಳಬೇಕಿತ್ತು. ಹ್ಯುಂಡೈ ಐ20 ಎನ್ ಲೈನ್ ಮನೆಗೆ ಬಂದು ನಾಲ್ಕು ತಿಂಗಳಾದರೂ ಘಟ್ಟಕ್ಕೆ ತಂದದ್ದು ಇದೇ ಮೊದಲು. ಪಕ್ಕದಲ್ಲಿ ಅಪ್ಪ ಕೂತಿದ್ದರು. ಇದೇ ದಾರಿಯನ್ನು ಅಂಬಾಸಿಡರಿನಲ್ಲಿ, ಸ್ಟೀರಿಂಗ್ ಪಕ್ಕದ ಗೇರು ಎಳೆಯುತ್ತಾ, ಎಷ್ಟು ಸಲ ಹತ್ತಿಳಿದಿದ್ದಾರೋ ಲೆಕ್ಕವಿಲ್ಲ.

ಈ ಕಾರಿಗಾಗಿ ನಾನು ಕಾದದ್ದು ಗೇರಿನ ಆಸೆಗೆ. 2021ರಲ್ಲಿ ಇದು ಭಾರತಕ್ಕೆ ಬಂದಾಗ ಕ್ಲಚ್ ಪೆಡಲ್ಲೇ ಇರಲಿಲ್ಲ. ಒಂದೋ ಏಳು ಗೇರಿನ ಆಟೊಮ್ಯಾಟಿಕ್, ಇಲ್ಲವೇ ಗೇರನ್ನು ನಾವು ಹಾಕಿ ಕ್ಲಚ್ಚನ್ನು ಕಾರಿಗೇ ಬಿಡುವ ಏರ್ಪಾಡು. ಊರೊಳಗೆ ಓಡಾಡುವವರಿಗೆ ಅದು ಹಿತವೇ. ಆದರೆ ಎಡಗಾಲಿಗೆ ಕೆಲಸವಿಲ್ಲದ ಕಾರನ್ನು ಸ್ಪೋರ್ಟಿ ಎನ್ನಲು ನನಗೆ ಮನಸ್ಸು ಬರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಹೊಸ ರೂಪ ಬಂದಾಗ ಮೂರು ಪೆಡಲ್ಲುಗಳ, ಆರು ಗೇರುಗಳ ಮ್ಯಾನ್ಯುಯಲ್ ಕಾರೂ ಬಂತು. ಆಗ ಮನಸ್ಸು ಗಟ್ಟಿಯಾಯಿತು.

ಹಿಂಬದಿಯ ‘ಎನ್’ ಎಂಬ ಅಕ್ಷರ ಕೊರಿಯಾದ ನಮ್‌ಯಾಂಗ್ ಸಂಶೋಧನಾ ಕೇಂದ್ರವನ್ನೂ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕನ್ನೂ ನೆನಪಿಸುತ್ತದೆ. 2024ರಲ್ಲಿ ತಿಯೆರಿ ನ್ಯೂವಿಲ್ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಐ20 ಎನ್ ಹೆಸರಿನ ಕಾರಿನಲ್ಲೇ. ಯುರೋಪಿನ ರಸ್ತೆಗಳಿಗೆ ಬಂದ ಐ20 ಎನ್ ಕಾರಿನದು 1.6 ಲೀಟರಿನ, 204 ಪಿಎಸ್ ಶಕ್ತಿಯ ಎಂಜಿನ್. ನಮ್ಮದರಲ್ಲಿ ಇರುವುದು 998 ಸಿಸಿ, ಮೂರು ಸಿಲಿಂಡರ್, 120 ಪಿಎಸ್. ‘ಲೈನ್’ ಎಂಬ ಮಾತು ಸೇರಿದರೆ ಕಾರೇ ಬೇರೆ. ಕೊಳ್ಳುವವರು ಇದನ್ನು ತಿಳಿದೇ ಷೋರೂಮಿಗೆ ಹೋಗುವುದು ಒಳ್ಳೆಯದು. ನಮ್ಮಲ್ಲಿ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. 2006ರ ಬಜೆಟ್ಟಿನಿಂದ ಬಂದ ಕಟ್ಟಳೆ ಅದು. ಈ ಕಾರಿನ ಉದ್ದ 3995 ಮಿಲಿಮೀಟರು. ಇಷ್ಟು ಚಿಕ್ಕ ಎಂಜಿನ್ನಿನಿಂದ ಕಸುವು ತೆಗೆಯಲು ಉಳಿದ ದಾರಿ ಟರ್ಬೊ.

ಆ ಟರ್ಬೊವನ್ನು ಅರ್ಥ ಮಾಡಿಸಿದ್ದು ಚಾರ್ಮಾಡಿ. ಸೈಲೆನ್ಸರಿನ ಕಡೆಗೆ ಹೊರಟ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದು ಹೆಚ್ಚಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಹೊಗೆ ಸಾಲದಿದ್ದರೆ ಚಕ್ರಕ್ಕೆ ವೇಗವಿಲ್ಲ. 172 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಸಿಗುವುದು 1500 ಆರ್‌ಪಿಎಮ್‌ನಿಂದ 4000ದವರೆಗೆ. ಮೊದಲ ಹೇರ್‌ಪಿನ್ ತಿರುವಿಗೆ ಮೂರನೇ ಗೇರಿನಲ್ಲೇ ನುಗ್ಗಿದೆ. ಮುಳ್ಳು 1500ರ ಕೆಳಗಿಳಿಯಿತು, ಕಾರು ಉಸಿರು ಕಟ್ಟಿದಂತೆ ತಡವರಿಸಿತು. ತಪ್ಪು ನನ್ನದೇ.

“ಎರಡಕ್ಕೆ ಹಾಕು ಮಗ. ತಿರುವಿನ ಒಳಗಲ್ಲ, ಮೊದಲೇ,” ಎಂದರು ಅಪ್ಪ.

ಮುಂದಿನ ತಿರುವಿಗೆ ಹಾಗೇ ಮಾಡಿದೆ. ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ, ಕ್ಲಚ್ ಒತ್ತಿ, ಎಕ್ಸಿಲರೇಟರನ್ನು ಒಮ್ಮೆ ಹಗುರಾಗಿ ತಟ್ಟಿ ಎರಡನೇ ಗೇರಿಗೆ ತಂದೆ. ಜರ್ಕ್ ಇಲ್ಲದೆ ಗೇರು ಕೂತಿತು. ಸ್ಟೀರಿಂಗ್ ನೆಟ್ಟಗಾಗುವ ತನಕ ಕಾಲು ಕಾಯಬೇಕು. ಇದು ಮುಂದಿನ ಚಕ್ರಗಳು ಎಳೆಯುವ ಕಾರು. ಆತುರಪಟ್ಟು ಒತ್ತಿದರೆ ಮೂತಿ ಹೊರಕ್ಕೆ ಜಾರುತ್ತದೆ. ಕಾದು ಒತ್ತಿದಾಗ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗೆ ಏರು ಹತ್ತಿತು. ಆಗಿನ ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವಾಗ ಎಂದೂ ಸಿಗದ ಖುಷಿ ಆ ನಲವತ್ತರಲ್ಲಿತ್ತು. ಕೈ, ಕಾಲು, ಕಿವಿ ಮೂರೂ ಒಂದೇ ಕೆಲಸದಲ್ಲಿ ತೊಡಗಿದ್ದವು.

ಸಾಮಾನ್ಯ ಐ20ಗಿಂತ ಇದರ ಸಸ್ಪೆನ್ಷನ್ ಬಿಗಿ. ಒಂದರ ಹಿಂದೊಂದು ತಿರುವು ಬಂದಾಗ ಮೈ ವಾಲುವುದು ಕಡಿಮೆ, ಸ್ಟೀರಿಂಗ್ ಹೇಳಿದ ಮಾತು ಚಕ್ರಕ್ಕೆ ಬೇಗ ಮುಟ್ಟುತ್ತದೆ. ಅದೇ ಬಿಗಿ ಬೆಂಗಳೂರಿನ ಹಂಪುಗಳ ಮೇಲೆ ಸೊಂಟಕ್ಕೂ ಮುಟ್ಟುತ್ತದೆ. ಒಂದು ಬೇಕೆಂದರೆ ಇನ್ನೊಂದನ್ನು ಒಪ್ಪಲೇಬೇಕು, ನಾನು ಒಪ್ಪಿದ್ದೇನೆ. ಒಳಗಿನ ಕೆಂಪು ಹೊಲಿಗೆ, ಗೆರೆಗಳ ವಿಚಾರ ಬರೆಯುವಷ್ಟು ದೊಡ್ಡದಲ್ಲ. ಎರಡು ಬಾಯಿಯ ಸೈಲೆನ್ಸರಿನ ದನಿ ಮಾತ್ರ ನನಗೆ ತುಂಬ ಇಷ್ಟ: ಊರೊಳಗೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ, ಮೂರು ಸಾವಿರ ಆರ್‌ಪಿಎಮ್ ದಾಟಿದರೆ ಬಂಡೆಗೆ ಬಡಿದು ಗುಟುರಾಗಿ ಮರಳುತ್ತದೆ.

ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿದ ಮೇಲೂ ಒಂದು ನಿಮಿಷ ಎಂಜಿನ್ ಆಫ್ ಮಾಡಲಿಲ್ಲ. ಏರು ಹತ್ತಿ ಕಾದ ಟರ್ಬೊಗೆ ಆಯಿಲ್ ಹರಿದು ತಣಿಯಲು ಅಷ್ಟು ಹೊತ್ತು ಕೊಡುವುದು ಒಳ್ಳೆಯ ರೂಢಿ. ಆಮೇಲೆ ನೀರುದೋಸೆ. ಅಷ್ಟರಲ್ಲಿ ಮಂಜು ರಸ್ತೆಯವರೆಗೆ ಇಳಿದಿತ್ತು.

ಮರಳುವಾಗ ಅಪ್ಪ ಹೇಳಿದ್ದು ಘಟ್ಟದ ಡ್ರೈವರುಗಳ ಹಳೆಯ ಪಾಠ: ಹತ್ತಿದ ಗೇರಿನಲ್ಲೇ ಇಳಿ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆ ಎಂದೆ. “ಇರಲಿ ಬಿಡು, ಎರಡರಲ್ಲೇ ಇಳಿ” ಎಂದರು. ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತಿತ್ತು. ಏರಿ ಬರುವ ಲಾರಿಗಳಿಗೆ ದಾರಿ ಬಿಡುತ್ತಾ, ಬ್ರೇಕನ್ನು ಬೇಕಾದಲ್ಲಿ ಮಾತ್ರ ಮುಟ್ಟುತ್ತಾ ಇಳಿದೆ. ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ನಿಲ್ಲಿಸಿದಾಗ ಅಪ್ಪ ಇಳಿದು ಮುಂದಿನ ಚಕ್ರದ ಬಳಿ ಬಗ್ಗಿದರು. ಸುಟ್ಟ ವಾಸನೆ ಇರಲಿಲ್ಲ. ಜೇಬಿನಿಂದ ಚಿಲ್ಲರೆ ತೆಗೆದು ಹುಂಡಿಯ ಕಡೆ ನಡೆದರು.