ಎರಡನೆಯ ಬಾಣ

ದುಃಖ, ಕೋಪ, ಭಯ ಮೊದಲಾದ ಮನಸ್ಸಿನ ಬೇಗೆಗಳಿಗೆ ಧ್ಯಾನವೇ ಮದ್ದೆಂಬ ಮಾತು ಇಂದು ಮಹಾನಗರಗಳಲ್ಲಿ ಮನೆಮಾತಾಗಿದೆ. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು ತಮ್ಮ ಗುರು ಊ ಬಾ ಖಿನ್ ಅವರಲ್ಲಿ ಕಲಿತ ವಿಪಶ್ಯನಾ ಪದ್ಧತಿಯನ್ನು ಭಾರತಕ್ಕೆ ತಂದು, 1969ರಲ್ಲಿ ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. 1976ರಲ್ಲಿ ಇಗತ್‌ಪುರಿಯ ಕೇಂದ್ರ ಆರಂಭವಾಯಿತು. ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಿಂದ, ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಬೌದ್ಧ ಧ್ಯಾನವನ್ನು ಮತಾಚಾರದ ಹೊದಿಕೆ ತೆಗೆದು ಕಲಿಸತೊಡಗಿದರು. ಅದು ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರು ಹೊತ್ತು, ಹುಟ್ಟಿದ ನಾಡಿಗೇ ತಿರುಗಿ ಬಂದು, ಈಗ ನಮ್ಮ ಆಫೀಸುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ತರಗತಿ ನಡೆಸುತ್ತಿದೆ.

ಚಿಕಿತ್ಸೆಯಾಗಿ ಇವುಗಳ ಗುಣಾವಗುಣವನ್ನು ತೂಗಬೇಕಾದವರು ವೈದ್ಯರು. ಈ ಲೇಖನದ ಉದ್ದೇಶ ಬೇರೆ. ಇವೆಲ್ಲದರ ಹಿಂದೆ ಪಾಳಿ ಭಾಷೆಯ ಒಂದು ದೊಡ್ಡ ಸಾಹಿತ್ಯವಿದೆ. ಅದನ್ನು ಸಾಹಿತ್ಯವಾಗಿಯೇ ಓದಿ, ದುಃಖದಲ್ಲಿರುವ ಮನುಷ್ಯನೊಡನೆ ಅದು ಹೇಗೆ ಮಾತನಾಡುತ್ತದೆ ಎಂದು ನೋಡುವುದಷ್ಟೇ ಇಲ್ಲಿಯ ಪ್ರಯತ್ನ. ಕನ್ನಡಿಗರಿಗೆ ಬುದ್ಧ ಅಪರಿಚಿತನೇನೂ ಅಲ್ಲ. ಮಾಸ್ತಿಯವರ ‘ಯಶೋಧರಾ’ ನಾಟಕವನ್ನೂ ಕುವೆಂಪು ಅವರ ‘ಮಹಾರಾತ್ರಿ’ಯನ್ನೂ ಓದಿದವರು ಅನೇಕರಿದ್ದಾರೆ. ಜಿ. ಪಿ. ರಾಜರತ್ನಂ ಪಾಳಿ ಕಲಿತು ಬುದ್ಧನ ಕಥೆಗಳನ್ನು ತಿಳಿಗನ್ನಡದಲ್ಲಿ ಕೊಟ್ಟರು. ಆದರೂ ಮನೆ ಬಿಟ್ಟು ಹೋದವನ ಕಥೆ ನಮಗೆ ತಿಳಿದಷ್ಟು, ಮನೆಯಲ್ಲಿ ಉಳಿದು ಅತ್ತವರೊಡನೆ ಅವನು ಆಡಿದ ಮಾತು ತಿಳಿದಿಲ್ಲ.

ಮೊದಲು, ಈ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಬಾಣಗಳ ಉಪಮೆಯನ್ನು ತೆಗೆದುಕೊಳ್ಳೋಣ. ಇದು ಸಂಯುತ್ತ ನಿಕಾಯದ ‘ಸಲ್ಲ ಸುತ್ತ’ದಲ್ಲಿದೆ. ಧರ್ಮವನ್ನು ಕೇಳದ ಸಾಮಾನ್ಯನಿಗೆ ನೋವು ಬಂದಾಗ ಅವನು ಎದೆ ಬಡಿದುಕೊಂಡು ಗೋಳಾಡುತ್ತಾನೆ. ಒಂದು ಬಾಣ ನೆಟ್ಟವನಿಗೆ ಇನ್ನೊಂದು ಬಾಣವನ್ನೂ ಹೊಡೆದಂತೆ ಅವನು ಎರಡು ವೇದನೆಗಳನ್ನು ಅನುಭವಿಸುತ್ತಾನೆ. ಅರಿವುಳ್ಳ ಶಿಷ್ಯನಿಗಾದರೋ ಒಂದೇ ಬಾಣ. ಇಂದಿನ ಉಪದೇಶಕರು ಇದನ್ನು ಹೀಗೆ ಬಿಡಿಸುತ್ತಾರೆ: ಸಾವು, ಅವಮಾನ, ಅಗಲಿಕೆ ಇವುಗಳಿಂದಾಗುವ ದುಃಖ ಮೊದಲ ಬಾಣ, ಅದು ತಪ್ಪದು, ಆ ದುಃಖದ ಸುತ್ತ ನಾವು ಹೆಣೆದುಕೊಳ್ಳುವ ‘ನನಗೇ ಏಕೆ’ ಎಂಬ ಯೋಚನೆ ಎರಡನೆಯದು, ಅದನ್ನು ತಪ್ಪಿಸಿಕೊಳ್ಳಬಹುದು.

ಕೇಳಲು ಹಿತವಾಗಿದೆ. ಆದರೆ ಮೂಲ ಹೇಳುವುದು ಇದನ್ನಲ್ಲ. ಮೂಲದಲ್ಲಿ ಮೊದಲ ಬಾಣ ಮೈಗೆ ಆದ ನೋವು. ಎರಡನೆಯದು ಮನಸ್ಸಿಗೆ ಆದ ನೋವು. ಅಂದರೆ ಶೋಕವೇ ಎರಡನೆಯ ಬಾಣ. ಮಗುವನ್ನು ಕಳೆದುಕೊಂಡ ತಾಯಿಯ ಅಳಲು ಕೂಡ, ಈ ಸುತ್ತದ ಲೆಕ್ಕದಲ್ಲಿ, ಬೇಡದ ಎರಡನೆಯ ಬಾಣವೇ. ಉಪದೇಶಕರು ಈ ಕಾಠಿಣ್ಯವನ್ನು ಸವರಿ ಮೃದುವಾಗಿಸಿದ್ದಾರೆ. ಕೇಳುಗರ ಮೇಲಿನ ಕರುಣೆಯಿಂದಲೇ ಹಾಗೆ ಮಾಡಿರಬಹುದು. ಆದರೆ ಹಾಗೆ ಸವರಿದಾಗ ಪಾಳಿ ಸಾಹಿತ್ಯವೇ ಎದುರಿಸಿದ ಕಷ್ಟದ ಪ್ರಶ್ನೆ ಮರೆಯಾಗುತ್ತದೆ. ಅಳುತ್ತಿರುವವನ ಎದುರು ಈ ಮಾತನ್ನು ಆಡುವುದು ಹೇಗೆ? ಆಡಿದರೆ ಏನಾಗುತ್ತದೆ?

ಏನಾಗುತ್ತದೆ ಎಂಬುದನ್ನು ಮಜ್ಝಿಮ ನಿಕಾಯದ ‘ಪಿಯಜಾತಿಕ ಸುತ್ತ’ ಸ್ವಲ್ಪವೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಶ್ರಾವಸ್ತಿಯ ಒಬ್ಬ ಗೃಹಸ್ಥನ ಒಬ್ಬನೇ ಮಗ ತೀರಿಕೊಂಡಿದ್ದಾನೆ. ತಂದೆಗೆ ಕೆಲಸ ಬೇಡ, ಊಟ ಸೇರದು. ದಿನವೂ ಸ್ಮಶಾನಕ್ಕೆ ಹೋಗಿ ಮಗನನ್ನು ಕೂಗಿ ಕರೆಯುತ್ತಾನೆ. ಹಾಗೆಯೇ ಬುದ್ಧನಲ್ಲಿಗೂ ಬರುತ್ತಾನೆ. ಪ್ರೀತಿಪಾತ್ರರಿಂದಲೇ ಶೋಕ ಹುಟ್ಟುತ್ತದೆ ಎಂದು ಬುದ್ಧ ಹೇಳುತ್ತಾನೆ. ತಂದೆಗೆ ಇದು ಒಪ್ಪಿಗೆಯಾಗುವುದಿಲ್ಲ. ಪ್ರೀತಿಪಾತ್ರರಿಂದ ಬರುವುದು ಸಂತೋಷವಲ್ಲವೇ ಎಂದು ಬೇಸರಪಟ್ಟು ಎದ್ದು ಹೋಗುತ್ತಾನೆ. ಹತ್ತಿರದಲ್ಲೇ ಜೂಜುಕೋರರು ದಾಳ ಉರುಳಿಸುತ್ತಿರುತ್ತಾರೆ. ಅವರ ಬಳಿ ಹೋಗಿ ನಡೆದುದನ್ನು ಹೇಳಿಕೊಂಡರೆ, ‘ನೀನು ಹೇಳಿದ್ದೇ ಸರಿ’ ಎನ್ನುತ್ತಾರೆ ಅವರು. ಅವನಿಗೆ ಸಮಾಧಾನವಾಗುತ್ತದೆ.

ಧರ್ಮಗ್ರಂಥವೊಂದು ತನ್ನ ಗುರುವಿನ ಮಾತು ಸೋತದ್ದನ್ನು ಹೀಗೆ ದಾಖಲೆ ಮಾಡಿಟ್ಟಿರುವುದು ಅಪರೂಪ. ಆ ತಂದೆ ಮರಳಿ ಬಂದ, ಪಶ್ಚಾತ್ತಾಪಪಟ್ಟ ಎಂದು ಕಥೆ ಹೇಳುವುದಿಲ್ಲ. ಜೂಜುಕೋರರ ಮಾತೂ ತನ್ನ ಮಾತೂ ಒಂದೇ ಎಂದುಕೊಂಡು ಅವನು ಹೊರಟುಹೋಗುತ್ತಾನೆ. ಬುದ್ಧ ಹೇಳಿದ್ದು ಸುಳ್ಳಲ್ಲ. ಆದರೆ ಸತ್ಯವಾದ ಮಾತು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಕೇಳುವವನನ್ನು ಎಲ್ಲಿಗೆ ಅಟ್ಟುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಸುತ್ತದ ಎರಡನೆಯ ಭಾಗದಲ್ಲಿ ಅದೇ ಮಾತು ಅರಮನೆಯನ್ನು ತಲುಪುತ್ತದೆ. ಕೋಸಲದ ದೊರೆ ಪಸೇನದಿ ಅದನ್ನು ಹಿಡಿದು ರಾಣಿ ಮಲ್ಲಿಕೆಯನ್ನು ಕೆಣಕುತ್ತಾನೆ. ಬುದ್ಧ ಏನೆಂದರೂ ತಲೆಯಾಡಿಸುವವಳು ನೀನು ಎಂದು ಗದರಿ ಎಬ್ಬಿಸುತ್ತಾನೆ. ಮಲ್ಲಿಕೆ ವಾದಕ್ಕೆ ನಿಲ್ಲುವುದಿಲ್ಲ. ಒಬ್ಬ ಬ್ರಾಹ್ಮಣನನ್ನು ಕಳಿಸಿ ಆ ಮಾತಿನ ಅರ್ಥವನ್ನು ತಿಳಿದುಕೊಂಡು, ಬಳಿಕ ಗಂಡನನ್ನು ಒಂದೊಂದೇ ಪ್ರಶ್ನೆ ಕೇಳುತ್ತಾಳೆ. ನಿಮ್ಮ ಮಗಳು ವಜಿರಿ ನಿಮಗೆ ಪ್ರಿಯಳೇ? ಅವಳಿಗೆ ಏನಾದರೂ ಆದರೆ ನಿಮಗೆ ದುಃಖವಾಗದೇ? ಹೀಗೆಯೇ ಇನ್ನೊಬ್ಬ ರಾಣಿಯನ್ನು, ಸೇನಾಪತಿಯನ್ನು, ಕಾಶಿ-ಕೋಸಲ ರಾಜ್ಯಗಳನ್ನು ಕುರಿತು ಕೇಳುತ್ತಾಳೆ. ತನ್ನನ್ನು ಕುರಿತೂ ಕೇಳುತ್ತಾಳೆ. ದೊರೆ ಒಪ್ಪಿ, ಬುದ್ಧನಿದ್ದ ದಿಕ್ಕಿಗೆ ಕೈಮುಗಿಯುತ್ತಾನೆ. ತತ್ತ್ವವಾಗಿ ಬಂದಾಗ ಒಬ್ಬನನ್ನು ಜೂಜಿನ ಕಟ್ಟೆಗೆ ಕಳಿಸಿದ ಮಾತು, ಹೆಸರು ಹಿಡಿದು ಕೇಳಿದ ಪ್ರಶ್ನೆಯಾಗಿ ಬಂದಾಗ ಇನ್ನೊಬ್ಬನನ್ನು ಮುಟ್ಟಿತು. ದೊರೆಯ ಮನೆಯಲ್ಲಿ ಆಗ ಸಾವು ಆಗಿರಲಿಲ್ಲ ಎಂಬುದೂ ನಿಜ. ಸುತ್ತದ ರಚನೆ ಈ ವ್ಯತ್ಯಾಸವನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತದೆ. ಇದು ಒಳ್ಳೆಯ ಕಥನದ ಲಕ್ಷಣ.

ಹಾಗಾದರೆ ದುಃಖದ ಮಡುವಿನಲ್ಲೇ ಇರುವವರಿಗೆ ಏನು ಹೇಳಬೇಕು? ಇದಕ್ಕೆ ಉತ್ತರ, ನನ್ನ ದೃಷ್ಟಿಯಲ್ಲಿ, ಪಟಾಚಾರೆಯ ಕಥೆಯಲ್ಲಿದೆ. ಕಿಸಾಗೋತಮಿಯ ಸಾಸಿವೆಯ ಕಥೆ ನಮ್ಮಲ್ಲಿ ಪ್ರಸಿದ್ಧ, ಪಟಾಚಾರೆಯದು ಅಷ್ಟಿಲ್ಲ. ಆಕೆ ಶ್ರಾವಸ್ತಿಯ ಶ್ರೀಮಂತರ ಮಗಳು. ಮನೆಯ ಆಳನ್ನು ಮೆಚ್ಚಿ ಅವನೊಡನೆ ದೂರದ ಹಳ್ಳಿಗೆ ಓಡಿಹೋದವಳು. ಎರಡನೆಯ ಬಸುರಿನಲ್ಲಿ ತವರಿಗೆ ಹೊರಡುತ್ತಾಳೆ. ದಾರಿಯಲ್ಲಿ ಬಿರುಮಳೆ, ಅಲ್ಲಿಯೇ ಹೆರಿಗೆ. ಮರೆಗಾಗಿ ಸೊಪ್ಪು ಕಡಿಯಲು ಹೋದ ಗಂಡ ಹಾವು ಕಚ್ಚಿ ಸಾಯುತ್ತಾನೆ. ತುಂಬಿದ ಹೊಳೆ ದಾಟುವಾಗ ಹಸುಗೂಸನ್ನು ಆಚೆ ದಡದಲ್ಲಿ ಮಲಗಿಸಿ ಹಿರಿಯವನಿಗಾಗಿ ಹಿಂದಿರುಗುತ್ತಿರುತ್ತಾಳೆ. ಗಿಡುಗ ಕೂಸಿನ ಮೇಲೆ ಎರಗುತ್ತದೆ. ಅದನ್ನು ಓಡಿಸಲು ಕೈಯೆತ್ತಿ ಕೂಗಿದರೆ, ಅಮ್ಮ ಕರೆಯುತ್ತಿದ್ದಾಳೆಂದು ಹಿರಿಯ ಮಗ ನೀರಿಗಿಳಿದು ಕೊಚ್ಚಿಹೋಗುತ್ತಾನೆ. ಊರ ಹತ್ತಿರ ಬಂದಾಗ, ಅದೇ ಮಳೆಗೆ ತವರುಮನೆ ಕುಸಿದು ತಂದೆ ತಾಯಿ ಅಣ್ಣ ಒಂದೇ ಚಿತೆಯಲ್ಲಿ ಉರಿಯುತ್ತಿದ್ದಾರೆಂದು ತಿಳಿಯುತ್ತದೆ. ಆಕೆಗೆ ಬುದ್ಧಿ ಕಲಕಿ, ಮೈಮೇಲಿನ ಬಟ್ಟೆ ಜಾರಿದ್ದೂ ತಿಳಿಯದೆ ಬೀದಿಬೀದಿ ಅಲೆಯುತ್ತಾಳೆ. ಜನ ಕಸ ಮಣ್ಣು ಎರಚಿ ಅಟ್ಟುತ್ತಾರೆ.

ಜೇತವನಕ್ಕೆ ಬಂದ ಆಕೆಯನ್ನು ಅಲ್ಲಿದ್ದವರು ತಡೆಯಹೊರಟಾಗ ಬುದ್ಧ ಬಿಡಿಸುತ್ತಾನೆ. ಇಲ್ಲಿ ಅವನು ಪ್ರೀತಿಯಿಂದ ಶೋಕ ಹುಟ್ಟುತ್ತದೆಂಬ ತತ್ತ್ವವನ್ನು ಮೊದಲಿಗೇ ಹೇಳುವುದಿಲ್ಲ. ತಂಗಿ ಎಂದು ಕರೆದು, ಸತಿಯನ್ನು ಮರಳಿ ಪಡೆದುಕೋ ಎಂಬರ್ಥದ ಒಂದೇ ಮಾತು ಹೇಳುತ್ತಾನೆ. ಈ ‘ಸತಿ’ ಎಂಬ ಪಾಳಿ ಪದವನ್ನೇ ಇಂಗ್ಲಿಷಿನವರು ‘ಮೈಂಡ್‌ಫುಲ್‌ನೆಸ್’ ಎಂದು ಭಾಷಾಂತರಿಸಿದ್ದು. ಆಕೆಗೆ ಎಚ್ಚರ ಬರುತ್ತದೆ. ಎಚ್ಚರದೊಡನೆ ಮೊದಲು ಬಂದದ್ದು ನಾಚಿಕೆ. ಯಾರೋ ಒಬ್ಬ ತನ್ನ ಮೇಲುಹೊದಿಕೆಯನ್ನು ಎಸೆದು ಕೊಡುತ್ತಾನೆ. ಅದನ್ನು ಸುತ್ತಿಕೊಂಡು ಆಕೆ ನಡೆದುದೆಲ್ಲವನ್ನೂ, ಒಬ್ಬೊಬ್ಬರ ಸಾವನ್ನೂ, ಬಿಡಿಸಿ ಹೇಳುತ್ತಾಳೆ. ಅದೆಲ್ಲವನ್ನೂ ಕೇಳಿದ ಮೇಲೆಯೇ ಬುದ್ಧನ ಉಪದೇಶ.

‘ಸತಿ’ ಸಂಸ್ಕೃತದ ‘ಸ್ಮೃತಿ’. ಅದರ ಮೂಲಾರ್ಥ ನೆನಪು. ಕನ್ನಡದಲ್ಲಿ ನಾವು ‘ಸ್ಮೃತಿ ತಪ್ಪಿದಳು’ ಎನ್ನುತ್ತೇವೆ. ‘ಮೈಮೇಲೆ ಎಚ್ಚರವಿಲ್ಲ’ ಎನ್ನುತ್ತೇವೆ. ಪಟಾಚಾರೆಗೆ ಮರಳಿ ಬಂದದ್ದು ಈ ಎರಡೂ: ಮೈಯ ಎಚ್ಚರ, ನಡೆದುದರ ನೆನಪು. ‘ಸಾವಧಾನತೆ’ ಎಂಬ ಇಂದಿನ ಅನುವಾದಕ್ಕಿಂತ ನಮ್ಮ ‘ಎಚ್ಚರ’ವೇ ಮೂಲಕ್ಕೆ ಹತ್ತಿರವೆಂದು ತೋರುತ್ತದೆ. ‘ಸತಿಪಟ್ಠಾನ ಸುತ್ತ’ವೂ ಇದನ್ನೇ ಶಿಸ್ತಾಗಿ ಕಲಿಸುತ್ತದೆ. ಅದು ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕನ್ನು ಗಮನಿಸಲು ಹೇಳುವಾಗ, ದ್ವೇಷ ತುಂಬಿದ ಚಿತ್ತವನ್ನು ದ್ವೇಷ ತುಂಬಿದ ಚಿತ್ತವೆಂದೇ ತಿಳಿ ಎನ್ನುತ್ತದೆ. ಆ ಸಾಲುಗಳಲ್ಲಿ ಅದನ್ನು ಅಟ್ಟಬೇಕೆಂಬ ಅಪ್ಪಣೆಯಿಲ್ಲ, ಮುಚ್ಚಿಡಬೇಕೆಂಬುದೂ ಇಲ್ಲ. ನಾವೋ ದುಃಖಿತರಿಗೆ ‘ಮರೆತುಬಿಡಿ’ ಎಂದು ಹೇಳಿ ಸಮಾಧಾನಪಡಿಸುವವರು. ಈ ಸಾಹಿತ್ಯದ ದಾರಿ ಅದಕ್ಕೆ ತೀರ ವಿರುದ್ಧವಾದುದು.

ಇನ್ನೂ ಒಂದು ವಿಷಯ ಗಮನಾರ್ಹ. ಮೇಲಿನ ಕಥೆ ಇರುವುದು ನಂತರದ ಕಾಲದ ಅಟ್ಠಕಥೆಗಳಲ್ಲಿ. ಥೇರೀಗಾಥೆಯಲ್ಲಿ ಪಟಾಚಾರೆಯದೆಂದು ಕೊಟ್ಟಿರುವ ಐದು ಪದ್ಯಗಳಲ್ಲಿ ಗಂಡನ ಮಾತಿಲ್ಲ, ಮಕ್ಕಳ ಮಾತಿಲ್ಲ. ಕಾಲು ತೊಳೆದ ನೀರು ಇಳಿಜಾರಿನಲ್ಲಿ ಹರಿದುಹೋಗುವುದನ್ನು ಭಿಕ್ಷುಣಿ ನೋಡುತ್ತಾಳೆ. ಮನಸ್ಸು ನಿಲ್ಲುತ್ತದೆ. ಆಮೇಲೆ ಕುಟೀರದೊಳಗೆ ಹೋಗಿ ದೀಪದ ಬತ್ತಿಯನ್ನು ಕೆಳಗೆಳೆಯುತ್ತಾಳೆ. ದೀಪ ನಂದುವುದರೊಡನೆ ಚಿತ್ತಕ್ಕೆ ಬಿಡುಗಡೆ. ಮಗನನ್ನು ಒಯ್ದ ನೀರನ್ನೇ ಆಕೆ ಇಲ್ಲಿ ಬೊಗಸೆಯಷ್ಟರಲ್ಲಿ ನೋಡುತ್ತಿದ್ದಾಳೆ ಎಂದು ಪದ್ಯ ಹೇಳುವುದಿಲ್ಲ. ಕಥೆ ಬಲ್ಲ ಓದುಗನಿಗೆ ಅದು ಹೊಳೆಯದೆ ಇರದು. ಏಕಾಂತದ ಈ ಧ್ಯಾನಕ್ಕೆ ಮುಂಚೆ ಒಬ್ಬ ಅಪರಿಚಿತನ ಹೊದಿಕೆ, ಒಬ್ಬನ ಕೇಳುವ ಕಿವಿ ಇದ್ದುವೆಂಬುದನ್ನು ಮರೆಯಬಾರದು. ಇಂದಿನ ತರಗತಿಗಳು ಕುಟೀರವನ್ನು ಇಟ್ಟುಕೊಂಡು ಜೇತವನದ ಬಾಗಿಲನ್ನು ಬಿಟ್ಟುಬಿಟ್ಟಿವೆ. ಅವುಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ ಇದು.

ಎರಡನೆಯ ಆಕ್ಷೇಪಣೆ ಬಾಬಾಸಾಹೇಬ ಅಂಬೇಡ್ಕರರಿಂದ ಕಲಿಯಬೇಕಾದದ್ದು. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಡುವುದು ಮುದುಕನನ್ನೂ ಶವವನ್ನೂ ಕಂಡಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳದ ಕಾರಣದಿಂದ. ದುಃಖಕ್ಕೆ ಸಮಾಜದ ಅನ್ಯಾಯವೂ ಕಾರಣ ಎಂಬುದು ಅವರ ನಿಲುವು. ಬಾಣದ ಉಪಮೆಯಲ್ಲಿ ಬಾಣ ಬಿಟ್ಟವರು ಯಾರೆಂಬ ಪ್ರಶ್ನೆಯೇ ಇಲ್ಲ. ಸಾವಿನ ದುಃಖಕ್ಕೆ ಆ ಪ್ರಶ್ನೆ ಬೇಕಾಗಿಲ್ಲ. ಅವಮಾನಿತನ ಕೋಪಕ್ಕೆ ಬೇಕು. ಕೂಲಿ ಕೊಡದ ಧಣಿಯ ಮೇಲಿನ ಸಿಟ್ಟನ್ನು ಉಸಿರೆಣಿಸಿ ಆರಿಸಿಕೊ ಎಂದು ಕೆಲಸಗಾರನಿಗೆ ಹೇಳುವ ತರಗತಿ ಬುದ್ಧನ ಹೆಸರನ್ನು ಬಳಸಬಾರದು. ಕೋಪವನ್ನು ಕೋಪವೆಂದು ಅರಿತವನು ಕುರುಡಾಗಿ ಕೈಯೆತ್ತಲಾರನು, ನಿಜ. ಆದರೆ ಹಾಗೆ ಅರಿತ ಮೇಲೆ ಅದರ ಕಾರಣವನ್ನೂ ಅವನು ಕಣ್ಣುಬಿಟ್ಟು ನೋಡಬೇಕಾಗುತ್ತದೆ.

ಊರು ಬಿಟ್ಟು ಬಂದ ನಮಗೆ ಈ ವಿಚಾರ ದೂರದ್ದಲ್ಲ. ಹಿಂದೆ ತಂತಿ ಬರುತ್ತಿತ್ತು, ಈಗ ಫೋನು ಬರುತ್ತದೆ. ರೈಲು ಹಿಡಿದು ತಲುಪುವ ಹೊತ್ತಿಗೆ ಅನೇಕ ವೇಳೆ ಎಲ್ಲವೂ ಮುಗಿದಿರುತ್ತದೆ. ವೈಕುಂಠ ಸಮಾರಾಧನೆ ಮುಗಿಸಿ ಮರುದಿನದ ಗಾಡಿಗೆ ಹಿಂದಿರುಗಿದವನ ಅಕ್ಕಪಕ್ಕದಲ್ಲಿ ತೀರಿಹೋದವರನ್ನು ಕಣ್ಣಾರೆ ಕಂಡವರು ಒಬ್ಬರೂ ಇರುವುದಿಲ್ಲ. ಊರಿನಲ್ಲಾಗಿದ್ದರೆ ವರ್ಷವಿಡೀ ಯಾರಾದರೊಬ್ಬರು ‘ನಿಮ್ಮಮ್ಮ ಹೀಗೆ ಹೇಳುತ್ತಿದ್ದರು’ ಎಂದು ನೆನೆಯುತ್ತಿದ್ದರು. ಇಲ್ಲಿ ಆ ನೆನಪಿಗೆ ಇನ್ನೊಬ್ಬ ವಾರಸುದಾರನಿಲ್ಲ. ನಿದ್ರೆ ಆಹಾರ ಬಿಟ್ಟು ಬದುಕೇ ಬೇಡವೆನ್ನುವ ಸ್ಥಿತಿಗೆ ಮುಟ್ಟಿದವರಿಗೆ ವೈದ್ಯರ ನೆರವು ಬೇಕು, ಅದಕ್ಕೆ ಧ್ಯಾನ ಬದಲಿಯಲ್ಲ. ಉಳಿದವರಿಗೆ ಧ್ಯಾನದ ಶಿಬಿರ ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಒಬ್ಬರು ಪಕ್ಕದಲ್ಲಿ ಕುಳಿತು ‘ನಿಮ್ಮ ತಾಯಿ ಹೇಗಿದ್ದರು, ಹೇಳಿ’ ಎಂದು ಕೇಳುವುದು ಒಳ್ಳೆಯದು. ಗಣ್ಯರು ತೀರಿಕೊಂಡಾಗ ಎರಡು ನಿಮಿಷ ಮೌನವಾಗಿ ನಿಲ್ಲುವ ನಮ್ಮ ಸಂಘಗಳು, ಸದಸ್ಯರೊಬ್ಬರ ತಾಯಿಗಾಗಿ ಅರ್ಧ ಗಂಟೆ ಕಿವಿಗೊಟ್ಟರೆ ಪಟಾಚಾರೆಗೆ ಹೊದಿಕೆ ಕೊಟ್ಟವನ ಕೆಲಸವನ್ನೇ ಮಾಡಿದಂತೆ.

ಕೊನೆಗೆ ದೊರೆ ಪಸೇನದಿಯ ವಿಚಾರ. ಅಂಗುತ್ತರ ನಿಕಾಯದ ಒಂದು ಪುಟ್ಟ ಸುತ್ತದಲ್ಲಿ ಅವನು ಬುದ್ಧನ ಬಳಿ ಕುಳಿತಿರುವಾಗ ಒಬ್ಬ ಬಂದು ಕಿವಿಯಲ್ಲಿ ಹೇಳುತ್ತಾನೆ: ರಾಣಿ ಮಲ್ಲಿಕೆ ತೀರಿಕೊಂಡಳು. ನಾನು ನಿಮಗೆ ಪ್ರಿಯಳೇ ಎಂದು ಅಂದು ಅವಳು ಕೇಳಿದಾಗ ಹೌದೆಂದು ಒಪ್ಪಿದವನು ಈಗ ಹೆಗಲು ಜಗ್ಗಿ, ತಲೆ ತಗ್ಗಿಸಿ, ಮಾತಿಲ್ಲದೆ ಕುಳಿತುಬಿಡುತ್ತಾನೆ. ಸಾಯುವಂಥದು ಸಾಯದಿರಲೆಂದು ಯಾರೂ ಪಡೆದು ಬಂದಿಲ್ಲ ಎಂದು ಬುದ್ಧ ತಿಳಿಹೇಳುತ್ತಾನೆ. ಇದನ್ನು ಅರಿತವನು ತಾಳಿಕೊಂಡು, ಈಗ ನಾನು ಮಾಡಬೇಕಾದ ಕೆಲಸವೇನೆಂದು ಕೇಳಿಕೊಳ್ಳುತ್ತಾನೆ ಎಂದು ಮಾತು ಮುಗಿಸುತ್ತಾನೆ. ದೊರೆಗೆ ಸಮಾಧಾನವಾಯಿತೆಂದು ಸುತ್ತ ಹೇಳುವುದಿಲ್ಲ. ಅವನು ಜೂಜಿನ ಕಟ್ಟೆಗೆ ಎದ್ದುಹೋದನೆಂದೂ ಹೇಳುವುದಿಲ್ಲ.