ಕಾಫಿ ಸೀಮೆಗೆ ಒಂಟಿಗಂಬದ ಡೇರೆ

ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತಿಗೆ ಸರಿಯಾಗಿ ಟೆಂಟಿನ ವಿಚಾರಣೆಗಳೂ ಶುರುವಾಗುತ್ತವೆ. ಈಚೀಚೆಗೆ ಕೇಳುವವರಿಗೆಲ್ಲ ಒಂದೇ ಆಸೆ: ಟೀಪಿ ಬೇಕು. ಚೂಪು ತುದಿ, ಅಗಲ ಬುಡ, ನಡುವೆ ಒಂದು ಕಂಬ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೋಂಸ್ಟೇಗಳ ಜಾಹೀರಾತಿನಲ್ಲಿ ಮಂಜಿನ ನಡುವೆ ಒಳಗೆ ದೀಪ ಹಚ್ಚಿಕೊಂಡು ನಿಂತಿರುತ್ತದಲ್ಲ, ಅದೇ. ಎಷ್ಟರೊಳಗೆ ಎಂದು ಕೇಳಿದರೆ, "ಐದಾರು ಸಾವಿರದಲ್ಲಿ ಆಗ್ಬೇಕು ಸಾರ್, ವರ್ಷಕ್ಕೆ ಎರಡು ಸಲ ಹೋಗೋದಷ್ಟೆ" ಅನ್ನುತ್ತಾರೆ. ನ್ಯಾಯವಾದ ಮಾತು. ವರ್ಷಕ್ಕೆರಡು ರಾತ್ರಿ ಹೊರಗೆ ಮಲಗಲು ಯಾರೂ ಸಾಲ ಮಾಡಬೇಕಾಗಿಲ್ಲ.

ಆನ್‌ಲೈನಿನಲ್ಲಿ ಟೀಪಿ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಮಕ್ಕಳ ಆಟದ ಟೀಪಿ. ನಾಲ್ಕು ಮರದ ಕೋಲು, ಹತ್ತಿ ಬಟ್ಟೆ, ಜೊತೆಗೊಂದು ಬಣ್ಣದ ದೀಪದ ಸರ. ಬೆಲೆಗೆ ಮರುಳಾಗಿ ಅದನ್ನೇ ತಂದು ದೇವರಮನೆ ಗುಡ್ಡದ ಕಡೆಯ ಚಳಿಯಲ್ಲಿ ನಿಲ್ಲಿಸಿದವರನ್ನು ಕಂಡಿದ್ದೇನೆ. ಅದಕ್ಕೆ ಮಳೆಯೇ ಬೇಕಿಲ್ಲ, ಬೆಳಗಿನ ಜಾವದ ಇಬ್ಬನಿಗೇ ತೊಯ್ದು ತೊಟ್ಟಿಕ್ಕುತ್ತದೆ. ಹಜಾರದಲ್ಲಿ ಮೊಮ್ಮಗುವಿಗೆ ಚೆಂದ, ಅಲ್ಲೇ ಇರಲಿ.

ನಿಜವಾದ ಟೀಪಿ ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳದು. ಲಕೋಟಾ, ಶೈಯೆನ್ ಮೊದಲಾದ ಜನ ಹತ್ತಾರು ಉದ್ದನೆಯ ಕಂಬಗಳನ್ನು ತುದಿಯಲ್ಲಿ ಕೂಡಿಸಿ, ಮೇಲೆ ಬೈಸನ್ನಿನ ಚರ್ಮ ಹೊದಿಸುತ್ತಿದ್ದರು. ಹೊಲಿಯುವುದು, ಎತ್ತಿ ನಿಲ್ಲಿಸುವುದು ಹೆಂಗಸರ ಕೆಲಸ, ಒಡೆತನವೂ ಅವರದೇ. ಮಧ್ಯದಲ್ಲಿ ಕಂಬವಿರಲಿಲ್ಲ, ಬೆಂಕಿ ಇತ್ತು. ಹೊಗೆ ಹೋಗಲು ನೆತ್ತಿಯಲ್ಲಿ ಎರಡು ಕಿವಿಗಳು. ಗಾಳಿ ಬೀಸುವ ದಿಕ್ಕು ನೋಡಿ ಅವನ್ನು ತಿರುಗಿಸಿಕೊಳ್ಳುತ್ತಿದ್ದರು. ಅಲ್ಲಿನ ಸೇನಾಧಿಕಾರಿ ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಇದನ್ನು ನೋಡಿ, ಒಂದೇ ಕಂಬದ ಮೇಲೆ ನಿಲ್ಲುವ ಕ್ಯಾನ್ವಾಸಿನ ಡೇರೆ ಮಾಡಿ 1856ರಲ್ಲಿ ಪೇಟೆಂಟ್ ಪಡೆದ. ಹತ್ತು ಹನ್ನೆರಡು ಸಿಪಾಯಿಗಳು ಮಲಗುವಂಥದ್ದು. ನಾವಿಂದು ಟೀಪಿ ಎಂದು ದುಡ್ಡು ಕೊಡುವುದು ಈ ಸಿಬ್ಲಿ ಡೇರೆಯ ವಂಶಕ್ಕೆ. ಆಕಾರ ಉಳಿದಿದೆ, ಒಳಗಿನ ಬೆಂಕಿ ಉಳಿದಿಲ್ಲ, ಉಳಿಸಲೂ ಬಾರದು. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಇನ್ನು ಚಳಿಯೆಂದು ಬಾಣಲೆಯಲ್ಲಿ ಕೆಂಡ ತುಂಬಿ ಒಳಗಿಟ್ಟು ಜಿಪ್ ಎಳೆದುಕೊಳ್ಳುವವರುಂಟು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಚಳಿಗೆ ಇನ್ನೊಂದು ಕಂಬಳಿ ತನ್ನಿ.

ಆಕಾರವನ್ನು ಮಾತ್ರ ಮೆಚ್ಚಲೇಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತವರ ಮೈಮೇಲೆ ಹೇಗೋ ಹಾಗೆಯೇ ಟೀಪಿಯ ಮೇಲೂ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಗಾಳಿಗೆ ಎದೆಯೊಡ್ಡುವ ನೆಟ್ಟನೆಯ ಗೋಡೆ ಇಲ್ಲವಾದ್ದರಿಂದ ಗುಡ್ಡದ ಗಾಳಿಯನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಕಟ್ಟುವುದೂ ಸಲೀಸು: ಸುತ್ತ ಗೂಟ ಹೊಡಿ, ಒಳಗೆ ನುಗ್ಗಿ ಕಂಬ ಎತ್ತು, ಮುಗಿಯಿತು.

ಆದರೆ ಲೇಬಲ್ಲಿನ ಲೆಕ್ಕವನ್ನು ನಂಬಬೇಡಿ. ಬುಡ 12 ಅಡಿ ಅಗಲ, ನಡುಗಂಬ 8 ಅಡಿ ಎತ್ತರದ ಒಂದು ಟೀಪಿ ಇದೆಯೆನ್ನಿ. ನೆಲದ ವಿಸ್ತಾರ ಸುಮಾರು 113 ಚದರ ಅಡಿ. ಪೆಟ್ಟಿಗೆಯ ಮೇಲೆ ಆರು ಜನರ ಚಿತ್ರ. ಐದೂವರೆ ಅಡಿ ಎತ್ತರದವರು ಬಗ್ಗದೆ ನಿಲ್ಲುವ ಜಾಗ ಕಂಬದ ಸುತ್ತ ಎರಡಡಿಯೂ ಇಲ್ಲ. ಮಲಗಿದಾಗ ಮುಖಕ್ಕೆ, ಕಾಲಿಗೆ ಬಟ್ಟೆ ತಾಗಬಾರದು ಎಂದರೆ ಒಂದೂವರೆ ಅಡಿ ಎತ್ತರವಾದರೂ ಬೇಕು. ಆ ಲೆಕ್ಕ ಹಾಕಿದರೆ ನೆಲದ ಮೂರರಲ್ಲಿ ಒಂದು ಪಾಲು ಬರೀ ಚೀಲ, ಚಪ್ಪಲಿ ಇಡುವುದಕ್ಕೆ. ಉಳಿದದ್ದರ ನಟ್ಟನಡುವೆ ಕಂಬ. ಎರಡು ಪಕ್ಕಕ್ಕೆ ಒತ್ತೊತ್ತಾಗಿ ಮಲಗಿದರೆ ನಾಲ್ವರು, ಮಗ್ಗುಲು ಬದಲಿಸಬೇಕಾದರೆ ಮೂವರು. ಆರು ಎಂದಲ್ಲಿ ಮೂರು ಎಂದು ಓದಿಕೊಳ್ಳಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಟೀಪಿಯ ಗೊಡವೆಯೇ ಬೇಡ, ಅದೇ ದುಡ್ಡಿಗೆ ಎರಡು ಪದರದ ಒಳ್ಳೆಯ ಗುಮ್ಮಟದ ಟೆಂಟು ಸಿಗುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ, ಬಟ್ಟೆ ಬದಲಿಸಲು ಎದ್ದು ನಿಲ್ಲಬೇಕೆನ್ನುವವರಿಗೆ, ಕಾರಿನ ಪಕ್ಕದಲ್ಲೇ ಡೇರೆ ಹಾಕುವವರಿಗೆ ಟೀಪಿ.

ಇನ್ನು ಬುಡಕ್ಕೆ ಬರೋಣ. ಅಗ್ಗದ ಟೀಪಿಗಳಲ್ಲಿ ನೆಲ ಹೊಲಿದದ್ದೂ ಉಂಟು, ಬುಡ ಖಾಲಿ ಬಿಟ್ಟದ್ದೂ ಉಂಟು. ಬುಡವಿಲ್ಲದ್ದು ಹಗುರ, ಬೆಲೆಯೂ ಕಡಿಮೆ, ಕೆಸರಿನ ಬೂಟು ಹಾಕಿಕೊಂಡೇ ಒಳಗೆ ಓಡಾಡಬಹುದು. ಹಿಮ ಬೀಳುವ ದೇಶಗಳ ಚಾರಣಿಗರು ಅದನ್ನೇ ಹಾಡಿ ಹೊಗಳುತ್ತಾರೆ. ಅವರ ಮಾತು ಅವರ ನೆಲಕ್ಕೆ ಸರಿ. ನಮ್ಮಲ್ಲಿ ಮಳೆಗಾಲವಿಡೀ ಇಂಬಳ. ಇಂಬಳಕ್ಕಾದರೆ ಸುಣ್ಣ, ಹೊಗೆಸೊಪ್ಪು, ಉಪ್ಪು ಅಂತ ಮದ್ದಿದೆ. ಒಂದಿಷ್ಟು ರಕ್ತ ಕೊಟ್ಟು ಕೈತೊಳೆದುಕೊಳ್ಳಬಹುದು. ಉಣುಗಿನ ವಿಚಾರ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಮಂಗನ ಕಾಯಿಲೆ ಹರಡುವುದು ಈ ಉಣುಗುಗಳಿಂದ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ, ಸಾವೂ ಆಗಿದೆ. ಅದು ಜೋರಾಗುವುದು ಮಳೆ ನಿಂತು ನೆಲ ಒಣಗಿದ ಮೇಲೆ, ಹೆಚ್ಚುಕಡಿಮೆ ನವೆಂಬರಿನಿಂದ ಮೇ ತನಕ. ನಾವು ಟೆಂಟು ಹೊತ್ತು ಹೊರಡುವುದೂ ಅದೇ ತಿಂಗಳುಗಳಲ್ಲಿ. ಎಳೆಯ ಉಣುಗು ಎಷ್ಟು ಸಣ್ಣದೆಂದರೆ ಕಚ್ಚಿ ಕೂತದ್ದೂ ತಿಳಿಯುವುದಿಲ್ಲ. ತರಗೆಲೆಯ ಮೇಲೆ ಚಾಪೆ ಹಾಸಿ, ಬುಡವಿಲ್ಲದ ಡೇರೆಯಲ್ಲಿ ಮಲಗುವುದೆಂದರೆ ಅವಕ್ಕೆ ಬಾಗಿಲು ತೆರೆದಿಟ್ಟು ಕರೆದಂತೆಯೇ.

ಆದ್ದರಿಂದ ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ. ನೆಲ ಇರಲೇಬೇಕು, ಅದು ಗೋಡೆಗೆ ಸೇರಿಸಿ ಹೊಲಿದಿರಬೇಕು, ಅಂಚು ನಾಲ್ಕಾರು ಇಂಚು ಮೇಲೆದ್ದಿರಬೇಕು. ಬಾಗಿಲಿಗೆ ಸೊಳ್ಳೆಪರದೆಯ ಜಿಪ್ ಬೇಕು. ಹೊರಗೆ ಟೀಪಿ, ಒಳಗೆ ಪರದೆಯ ಇನ್ನೊಂದು ಗೂಡು ನೇತುಹಾಕುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು, ಒಂದೆರಡು ಸಾವಿರ ಹೆಚ್ಚಾದರೂ ಕೊಡಿ. ಬೆಳಿಗ್ಗೆ ಎದ್ದ ಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಜಾಗದಲ್ಲಿ ನೋಡಿ. ಕಾಯಿಲೆ ಇರುವ ಕಡೆ ಆರೋಗ್ಯ ಇಲಾಖೆಯವರು ಡೆಪಾ ತೈಲ ಹಂಚುತ್ತಾರೆ, ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿಯಿರುವ ಕಡೆ ಡೇರೆಯೇ ಬೇಡ. ನೆಲವಿದ್ದರೆ ಚೇಳು, ಕಟ್ಟಿರುವೆಗಳಿಂದಲೂ ಬಚಾವು. ಚಗಳಿ ಇರುವೆಯನ್ನು ಚಟ್ನಿಯಾಗಿ ಒಪ್ಪಬಹುದು, ಹಾಸಿಗೆಯಲ್ಲಿ ಒಪ್ಪಲಾಗದು.

ಬಟ್ಟೆಯ ವಿಚಾರದಲ್ಲಿ ಅಂಗಡಿಯವರು 1,500 ಮಿಲಿಮೀಟರ್, 3,000 ಮಿಲಿಮೀಟರ್ ಎಂದು ಹೇಳುತ್ತಾರೆ. ಅದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ ಅಷ್ಟೆತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂಬ ಅಳತೆ. ಮಾಡಿಗೆ 2,000 ಸಾಕು. ನೆಲಕ್ಕೆ ಅದಕ್ಕಿಂತ ಹೆಚ್ಚು ಬೇಕು, ಮೊಣಕಾಲು ಊರಿದರೆ ಅಡಿಯ ನೀರು ಒತ್ತಡಕ್ಕೆ ಮೇಲೆ ಬರುತ್ತದೆ. ಸಾಮಾನ್ಯವಾಗಿ ಸೋರುವುದು ಬಟ್ಟೆಯಲ್ಲ, ಹೊಲಿಗೆ. ಹೊಲಿಗೆಯ ಒಳಭಾಗಕ್ಕೆ ಟೇಪು ಅಂಟಿಸಿದ್ದಾರೋ ಇಲ್ಲವೋ ಬೆರಳಾಡಿಸಿ ನೋಡಿ. ತಂದ ದಿನವೇ ಮನೆಯಂಗಳದಲ್ಲಿ ಕಟ್ಟಿ, ಗಿಡಕ್ಕೆ ನೀರು ಬಿಡುವ ಪೈಪಿನಿಂದ ಹತ್ತು ನಿಮಿಷ ನೀರು ಹೊಡೆದರೆ ಸತ್ಯ ತಿಳಿಯುತ್ತದೆ, ಸೋರಿದರೆ ವಾಪಸು ಮಾಡಲು ಸಮಯವೂ ಇರುತ್ತದೆ. ಹಾಗೆಂದು ಜೂನ್, ಜುಲೈಯಲ್ಲಿ ಕೊಟ್ಟಿಗೆಹಾರದ ಮಳೆಗೆ ಯಾವ ಅಗ್ಗದ ಟೆಂಟನ್ನೂ ಪರೀಕ್ಷೆಗೆ ಒಡ್ಡಬೇಡಿ.

ಕ್ಯಾನ್ವಾಸು? ಚೆಂದ, ಉಸಿರಾಡುತ್ತದೆ, ನೆನೆದರೆ ನೂಲು ಉಬ್ಬಿ ತಾನೇ ಬಿಗಿಯಾಗುತ್ತದೆ. ಆದರೆ ನಾಲ್ವರ ಕ್ಯಾನ್ವಾಸ್ ಡೇರೆ ಇಪ್ಪತ್ತು ಕಿಲೋ ದಾಟುತ್ತದೆ, ಒದ್ದೆಯಾದರೆ ಎತ್ತಲು ಇಬ್ಬರು ಆಳು ಬೇಕು, ನಮ್ಮ ಹವೆಗೆ ಬೂಷ್ಟು ಹಿಡಿಯುತ್ತದೆ. ಅದು ಹೋಂಸ್ಟೇಯವರ ಸೊತ್ತಾಗಿಯೇ ಇರಲಿ.

ಪಾಲಿಯೆಸ್ಟರಿನ ತೊಂದರೆ ಬೇರೆ. ಒಂದೇ ಪದರದ ಟೀಪಿಯೊಳಗೆ ರಾತ್ರಿಯಿಡೀ ಮೂವರ ಉಸಿರು ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಬೆಳಿಗ್ಗೆ ಎದ್ದವರು ಟೆಂಟು ಸೋರಿತು ಎಂದು ಬೈಯುವುದು ಇದಕ್ಕೇ. ನೆತ್ತಿಯಲ್ಲಿ ಗಾಳಿಕಿಂಡಿ, ಬುಡದಲ್ಲಿ ಇನ್ನೊಂದು, ಎರಡೂ ಇರುವುದನ್ನೇ ಆರಿಸಿ, ಚಳಿಯೆಂದು ಮುಚ್ಚಬೇಡಿ. ಬಣ್ಣ ನಿಮ್ಮಿಷ್ಟ. ಫೋಟೋಕ್ಕೆ ಬಿಳಿ ಚೆಂದ, ನಮ್ಮ ಕೆಂಪುಮಣ್ಣಿಗೆ ಬಿಳಿಯಷ್ಟು ಮೂರ್ಖ ಬಣ್ಣ ಇನ್ನೊಂದಿಲ್ಲ.

ಗೂಟವನ್ನು ಯಾರೂ ನೋಡಿ ಕೊಳ್ಳುವುದಿಲ್ಲ. ಗುಮ್ಮಟದ ಟೆಂಟು ಗೂಟವಿಲ್ಲದೆಯೂ ತನ್ನ ಪಾಡಿಗೆ ನಿಲ್ಲುತ್ತದೆ. ಟೀಪಿ ನಿಲ್ಲದು, ಎರಡು ಗೂಟ ಕಿತ್ತರೆ ಇಡೀ ಡೇರೆ ಮಲಗುತ್ತದೆ. ಅದಕ್ಕೇ ಎಸ್ಟೇಟಿನವರು ಪ್ರೀತಿಯಿಂದ ಕಾಫಿ ಕಣ ತೋರಿಸಿದಾಗ ಟೀಪಿಯವರು ಪೇಚಿಗೆ ಬೀಳುತ್ತಾರೆ. ಸಿಮೆಂಟಿನ ಕಣದಲ್ಲಿ ಗೂಟ ಎಲ್ಲಿ ಹೊಡೆಯುವುದು? ಮರಳು ತುಂಬಿದ ಚೀಲಕ್ಕೆ ಹಗ್ಗ ಬಿಗಿಯಬೇಕು. ಕೊಯ್ಲಿನ ಕಾಲದಲ್ಲಂತೂ ಕಣವನ್ನು ಕೇಳಲೇಬೇಡಿ, ಅಲ್ಲಿ ಹಣ್ಣು ಒಣಗಬೇಕು. ಮರದಡಿಯ ಮಣ್ಣು ಎಲೆಗೊಬ್ಬರದಿಂದ ಮೆತ್ತಗಿದ್ದು ಗೂಟ ಜಾರಿ ಬರುತ್ತದೆ, ಜಂಬಿಟ್ಟಿಗೆ ನೆಲದಲ್ಲಿ ಡಬ್ಬಿಯೊಳಗಿನ ತೆಳು ಗೂಟ ಬಾಗುತ್ತದೆ. ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ 8 ಎಂಎಂ ಸರಳನ್ನು ಒಂದೊಂದು ಅಡಿಗೆ ಕತ್ತರಿಸಿ ತುದಿ ಬಗ್ಗಿಸಿಕೊಡಿ ಎಂದರೆ ಸಣ್ಣ ದುಡ್ಡಿನಲ್ಲಿ ಆಗುತ್ತದೆ. ಡಬ್ಬಿಯ ಕಂಬ ತೆಳುವಾಗಿದ್ದರೆ ಒಂದು ಗಟ್ಟಿ ಬಿದಿರೂ ನಡೆಯುತ್ತದೆ, ಮೇಲಿನ ತುದಿಗೆ ಬಟ್ಟೆ ಸುತ್ತಿ.

ಜಾಗದ ಬಗ್ಗೆ ಎರಡು ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಅನುಮತಿ ಪಡೆದು ಹಗಲು ಹತ್ತಿ ಇಳಿಯಬಹುದು, ಶಿಖರದಲ್ಲಿ ರಾತ್ರಿ ಡೇರೆ ಹಾಕುವಂತಿಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿಯ ಮೇಲೂ ಅಷ್ಟೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗಿದರೆ ಕೇಸು. ನಮಗೆ ಉಳಿಯುವುದು ಖಾಸಗಿ ತೋಟ, ಯಜಮಾನರ ಒಪ್ಪಿಗೆ. ಒಪ್ಪಿಗೆ ಸಿಕ್ಕ ಮೇಲೆ ಜಾಗ ಆರಿಸುವ ಕೆಲಸ ನಿಮ್ಮದಲ್ಲ, ತೋಟದ ಕೆಲಸ ನೋಡಿಕೊಳ್ಳುವ ರೈಟರದು. "ಆ ಹಲಸಿನ ಮರದ ಹತ್ರ ಬೇಡ ಮಾರಾಯ್ರೆ, ರಾತ್ರಿ ಅವು ಬರ್ತವೆ" ಎಂದರೆ ಯಾವುವು ಎಂದು ಕೇಳುತ್ತ ಕೂರಬೇಡಿ. ಮೂಡಿಗೆರೆ ಕಡೆ ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಟಕ್ಕೇ ಬರುತ್ತವೆ. ಹಾಲುವಾಣದ ಕೊಂಬೆ ಪೆಡಸು, ಗಾಳಿಗೆ ಮುರಿದು ಬೀಳುತ್ತದೆ, ಅದರಡಿಯೂ ಬೇಡ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಜೆಟ್ ತಿರುಗುತ್ತಿರುತ್ತದೆ. ಇವತ್ತು ಯಾವ ಬ್ಲಾಕಿಗೆ ನೀರು ಎಂದು ಕೇಳಿಯೇ ಗೂಟ ಹೊಡೆಯಿರಿ. ಆ ಜೆಟ್ಟಿನ ನೀರು ಓರೆಯಾಗಿ ಬಂದು ಬಡಿಯುತ್ತದೆ, ಯಾವ ಟೀಪಿಯ ಇಳಿಜಾರೂ ಅದಕ್ಕೆ ಉತ್ತರವಲ್ಲ.

ಐದು ಸಾವಿರದೊಳಗೆ ಹೊಲಿದ ನೆಲ, ಪರದೆ, ಟೇಪು ಹಾಕಿದ ಹೊಲಿಗೆ ಮೂರೂ ಇರುವ ಟೀಪಿ ಸಿಗದಿದ್ದರೆ ಟೀಪಿಯ ಹಟ ಬಿಡಿ. ಕೊಯ್ದ ಕಾಫಿಯನ್ನು ಅಕಾಲ ಮಳೆಯಿಂದ ಕಾಪಾಡುವ ಟಾರ್ಪಾಲು ಪೇಟೆಯಲ್ಲಿ ಸಿಗುತ್ತದೆ. ಅದನ್ನು ಒಂದು ಬಿದಿರಿನ ಮೇಲೆ ಎತ್ತಿ ನಾಲ್ಕು ಮೂಲೆ ಬಿಗಿದು, ಒಳಗೆ ನೆಲ ಹೊಲಿದ ಸೊಳ್ಳೆಪರದೆಯ ಸಣ್ಣ ಟೆಂಟು ಇಟ್ಟರೆ ಯಾವ ಅಗ್ಗದ ಟೀಪಿಗೂ ಕಡಿಮೆಯಿಲ್ಲ. ಫೋಟೋ ಚೆನ್ನಾಗಿ ಬರುವುದಿಲ್ಲ, ಅಷ್ಟೆ.

ಕೊಂಡದ್ದೇ ಆದರೆ ಬಾಳಿಸಿ. ಒದ್ದೆ ಡೇರೆಯನ್ನು ಸುತ್ತಿ ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದರೆ ಒಳಗಿನ ಲೇಪ ತೇವಕ್ಕೆ ಕರಗಿ ಅಂಟಂಟಾಗಿ ನಾರುತ್ತದೆ, ಆಮೇಲೆ ಅದಕ್ಕೆ ಔಷಧವಿಲ್ಲ. ಬಿಸಿಲಲ್ಲಿ ಒಣಗಿಸಿ, ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಇಡಿ. ಮಳೆಗಾಲಕ್ಕೆ ಇನ್ನೂ ಸುಲಭದ ಉಪಾಯವಿದೆ: ಇದೇ ಜಿಲ್ಲೆಯ ಕಡೂರಿನಲ್ಲಿ ನೆಂಟರಿದ್ದರೆ ಜೂನಿಗೆ ಮುಂಚೆ ಅಲ್ಲಿಗೆ ಕಳಿಸಿಬಿಡಿ. ಅಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವಷ್ಟು ಮಳೆ ಎಲ್ಲಿದೆ!

ಹೊರಡುವಾಗ ಗೂಟಗಳನ್ನು ಮಾತ್ರ ಎಣಿಸಿಕೊಂಡು ಕಿತ್ತುಕೊಳ್ಳಿ. ಮರೆತು ಬಿಟ್ಟ ಒಂದು ಕಬ್ಬಿಣದ ಗೂಟ ಆಮೇಲೆ ಕಳೆ ಹೊಡೆಯುವ ಮೆಷಿನ್ನಿನ ಬ್ಲೇಡಿಗೆ ಸಿಗುತ್ತದೆ, ಇಲ್ಲವೇ ಹಣ್ಣು ಕೊಯ್ಯಲು ಬಂದ ಹೆಣ್ಣಾಳಿನ ಕಾಲಿಗೆ.