47 ಕೋಟಿ ಸಾಲುಗಳ ಮುಂದೆ ಒಂದು ಪ್ರಶ್ನೆ: ಸ್ಕೈಸರ್ವರ್ ವಿನ್ಯಾಸದ ವಿಮರ್ಶೆ

ಜಾಲತಾಣವೊಂದರಲ್ಲಿ 'ಹುಡುಕು' ಗುಂಡಿ ಒತ್ತಿ, ಉತ್ತರ ಬಾರದೆ ಕಾಯುತ್ತ ಕುಳಿತ ಅನುಭವ ನಿಮಗೆಲ್ಲ ಇರುತ್ತದೆ. ಇದಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: 'ದತ್ತಾಂಶ ಹೆಚ್ಚಾಗಿದೆ, ಇನ್ನೂ ದೊಡ್ಡ ಗಣಕ ಬೇಕು.' ಈ ಉತ್ತರ ಎಷ್ಟರಮಟ್ಟಿಗೆ ಸರಿ? ಇದನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆಯೊಂದು ಖಗೋಳವಿಜ್ಞಾನದಲ್ಲಿದೆ. ಅದು ಸ್ಲೋನ್ ಡಿಜಿಟಲ್ ಆಕಾಶ ಸಮೀಕ್ಷೆಯ 'ಸ್ಕೈಸರ್ವರ್' ಜಾಲತಾಣ. 2001ರ ಜೂನ್‌ನಲ್ಲಿ ಆರಂಭವಾದ ಈ ತಾಣವನ್ನು ಯಾರು ಬೇಕಾದರೂ, ಯಾವ ಊರಿನಿಂದ ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಇದನ್ನು ಪರಿಚಯಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಗುಣದ ಜೊತೆಗೆ ದೋಷವನ್ನೂ ತಿಳಿದು ಪರಿಚಯಿಸಬೇಕು.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ವ್ಯಾಸದ ದೂರದರ್ಶಕ ಈ ಸಮೀಕ್ಷೆಯ ಮುಖ್ಯ ಸಾಧನ. ಅದು ತೆಗೆದ ಚಿತ್ರಗಳಲ್ಲಿ ಕಂಡ ಪ್ರತಿಯೊಂದು ನಕ್ಷತ್ರ, ಪ್ರತಿಯೊಂದು ಗೆಲಾಕ್ಸಿಯೂ ದತ್ತಸಂಚಯದ, ಅಂದರೆ ಡೇಟಾಬೇಸಿನ, ಒಂದು ಕೋಷ್ಟಕದಲ್ಲಿ ಒಂದು ಸಾಲಾಗುತ್ತದೆ. ಸ್ಥಾನ, ಐದು ಬಣ್ಣಗಳಲ್ಲಿ ಅಳೆದ ಪ್ರಕಾಶ, ಆಕಾರ, ಅಳತೆಯ ದೋಷ ಹೀಗೆ ಒಂದೊಂದು ಸಾಲಿಗೂ ಸುಮಾರು 400 ಕಾಲಂಗಳು. ಮೊದಲ ಬಿಡುಗಡೆಯಲ್ಲಿ ಸುಮಾರು 1.4 ಕೋಟಿ ಸಾಲುಗಳಿದ್ದವು. 2011ರ ಎಂಟನೆಯ ಬಿಡುಗಡೆಯ ಹೊತ್ತಿಗೆ ಪ್ರತ್ಯೇಕ ಆಕಾಶಕಾಯಗಳ ಸಂಖ್ಯೆಯೇ ಸುಮಾರು 47 ಕೋಟಿಯಾಯಿತು.

ಮೊದಲು ಒಂದಿಷ್ಟು ಲೆಕ್ಕ

ಒಂದು ಸಾಲಿಗೆ ಸುಮಾರು 2 ಕಿಲೋಬೈಟ್ ಎಂದಿಟ್ಟುಕೊಳ್ಳಿ. 1.4 ಕೋಟಿ ಸಾಲುಗಳೆಂದರೆ 28 ಗಿಗಾಬೈಟ್. ತಿರುಗುವ ಡಿಸ್ಕೊಂದು ಸೆಕೆಂಡಿಗೆ 100 ಮೆಗಾಬೈಟ್ ಓದಬಲ್ಲುದಾದರೆ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಲು 280 ಸೆಕೆಂಡು ಬೇಕು. 47 ಕೋಟಿ ಸಾಲುಗಳಿಗೆ ಇದೇ ಲೆಕ್ಕ ಹಾಕಿದರೆ ಎರಡೂವರೆ ಗಂಟೆಗೂ ಹೆಚ್ಚು. ಇಂದಿನ ಘನಸ್ಥಿತಿ ಡಿಸ್ಕ್‌ಗಳು ಇದಕ್ಕಿಂತ 30 ಪಟ್ಟು ವೇಗವಾಗಿ ಓದಬಲ್ಲವು. ಆಗಲೂ ಐದು ನಿಮಿಷ ಬೇಕು. ಪರದೆಯ ಮುಂದೆ ಕುಳಿತವನು ಐದು ನಿಮಿಷ ಕಾಯುವುದಿಲ್ಲ. ಜೊತೆಗೆ ಇನ್ನೂ ನೂರು ಮಂದಿ ಇಂಥದೇ ಪ್ರಶ್ನೆ ಕೇಳಿದರೆ ಅದೇ ಡಿಸ್ಕ್ ಎಲ್ಲರಿಗೂ ಹಂಚಿಹೋಗಬೇಕು. ದೊಡ್ಡ ಗಣಕ ಕೊಂಡರೆ ಒಂದು ಸ್ಥಿರಾಂಕ ಮಾತ್ರ ಬದಲಾಗುತ್ತದೆ. ಸಾಲುಗಳ ಸಂಖ್ಯೆ ಏರಿದಂತೆ ಕಾಲವೂ ಅದೇ ಪ್ರಮಾಣದಲ್ಲಿ ಏರುವುದು ತಪ್ಪುವುದಿಲ್ಲ.

ಇದಕ್ಕೆ ಪರಿಹಾರ ಸೂಚಿ, ಅಂದರೆ ಇಂಡೆಕ್ಸ್. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆಯೇ ಇದು. 1972ರಲ್ಲಿ ಬೇಯರ್ ಮತ್ತು ಮೆಕ್ರೈಟ್ ಪ್ರಕಟಿಸಿದ 'ಬಿ-ಟ್ರೀ' ಎಂಬ ರಚನೆ ಇಂದಿಗೂ ಬಹುತೇಕ ದತ್ತಸಂಚಯಗಳ ಆಧಾರ. ಸೂಚಿಯ ಒಂದೊಂದು ಪುಟದಿಂದ 200 ಕವಲುಗಳು ಹೊರಡುತ್ತವೆ ಎಂದುಕೊಳ್ಳೋಣ. ನಾಲ್ಕು ಮಟ್ಟ ಇಳಿಯುವಷ್ಟರಲ್ಲಿ 200ರ ನಾಲ್ಕನೆಯ ಘಾತ, ಅಂದರೆ 160 ಕೋಟಿ ಸಾಲುಗಳನ್ನು ತಲುಪಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ಹೋಗಿ ಓದಲು ಸರಾಸರಿ 12 ಮಿಲಿಸೆಕೆಂಡು ಹಿಡಿಯುತ್ತದೆ. ಇದರಲ್ಲಿ ಅರ್ಧ ಸುತ್ತಿನ ಕಾಲವೇ 4.2 ಮಿಲಿಸೆಕೆಂಡು, ಉಳಿದದ್ದು ಓದುವ ತಲೆ ಸರಿಯುವ ಕಾಲ. ನಾಲ್ಕು ಓದಿಗೆ 48 ಮಿಲಿಸೆಕೆಂಡು. ಗಂಟೆಗಳ ಕೆಲಸ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು!

ಹಾಗಾದರೆ ಎಲ್ಲ ಕಾಲಂಗಳಿಗೂ ಸೂಚಿ ಮಾಡಿಬಿಡಬಹುದಲ್ಲವೇ? ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುತ್ತಾರೆ. 1.4 ಕೋಟಿ ಸಾಲುಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತನೇ ಒಂದು ಭಾಗ, ಅಂದರೆ 14 ಲಕ್ಷ ಸಾಲುಗಳು ಹೊಂದುತ್ತವೆ ಎಂದುಕೊಳ್ಳಿ. ಅವು ಕೋಷ್ಟಕದ ತುಂಬ ಚದುರಿಕೊಂಡಿದ್ದರೆ ಸೂಚಿ ಹಿಡಿದು ಒಂದೊಂದನ್ನೇ ತರಲು 14 ಲಕ್ಷ × 12 ಮಿಲಿಸೆಕೆಂಡು, ಅಂದರೆ ನಾಲ್ಕೂವರೆ ಗಂಟೆಗೂ ಹೆಚ್ಚು ಬೇಕು. ಇಡೀ ಕೋಷ್ಟಕವನ್ನು ನೇರವಾಗಿ ಓದಿದ್ದರೆ 280 ಸೆಕೆಂಡು ಸಾಕಾಗಿತ್ತು. ಆದ್ದರಿಂದ ಸೂಚಿ ಎಲ್ಲ ರೋಗಕ್ಕೂ ಮದ್ದಲ್ಲ. ಯಾವ ದಾರಿ ಹಿಡಿಯಬೇಕೆಂಬುದನ್ನು ಎಷ್ಟು ಸಾಲುಗಳು ಹೊಂದಬಹುದೆಂಬ ಅಂದಾಜಿನ ಮೇಲೆ ದತ್ತಸಂಚಯದ 'ಆಪ್ಟಿಮೈಸರ್' ನಿರ್ಧರಿಸುತ್ತದೆ. ಐಬಿಎಂನ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ತೋರಿಸಿಕೊಟ್ಟ ಮಾರ್ಗ ಇದು. ಅಂದಾಜು ತಪ್ಪಿದರೆ ದಾರಿಯೂ ತಪ್ಪುತ್ತದೆ.

ಸ್ಕೈಸರ್ವರ್ ಗೆದ್ದದ್ದು ಎಲ್ಲಿ?

ಈ ವಿನ್ಯಾಸದ ಹಿಂದೆ ಇಬ್ಬರ ಹೆಸರು ಮುಖ್ಯ. ಒಬ್ಬರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಅಲೆಕ್ಸ್ ಸಾಲೇ. ಇನ್ನೊಬ್ಬರು 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ, 2007ರಲ್ಲಿ ಸಮುದ್ರಯಾನದಲ್ಲಿ ಕಣ್ಮರೆಯಾದ ಜಿಮ್ ಗ್ರೇ. ಅವರು ಮೊದಲು ಕೇಳಿದ್ದು ಯಂತ್ರದ ಬಗ್ಗೆ ಅಲ್ಲ. 'ನೀವು ಈ ದತ್ತಾಂಶವನ್ನು ಕೇಳಬಯಸುವ 20 ಮುಖ್ಯ ಪ್ರಶ್ನೆಗಳು ಯಾವುವು?' ಎಂದು ಖಗೋಳಜ್ಞರನ್ನು ವಿಚಾರಿಸಿದರು. ಆ ಪ್ರಶ್ನೆಗಳಿಗೆ ತಕ್ಕಂತೆ ಕೋಷ್ಟಕ ಮತ್ತು ಸೂಚಿಗಳನ್ನು ರೂಪಿಸಿದರು. ಸಮೀಕ್ಷೆಯ ದತ್ತಾಂಶ ಮೊದಲು ಬೇರೊಂದು ಬಗೆಯ, 'ಆಬ್ಜೆಕ್ಟ್' ಆಧಾರಿತ ದತ್ತಸಂಚಯದಲ್ಲಿತ್ತು. ಅದನ್ನು ಬಿಟ್ಟು ಸಾಮಾನ್ಯ ಕೋಷ್ಟಕಗಳ ದತ್ತಸಂಚಯಕ್ಕೆ ಬಂದರು. ಹಿಡಿದ ದಾರಿ ಸರಿಯಿಲ್ಲವೆಂದು ಕಂಡಾಗ ಬಿಡುವ ಈ ಧೈರ್ಯ ಮೆಚ್ಚತಕ್ಕದ್ದು.

ಅವರ ಮೂರು ಉಪಾಯಗಳನ್ನು ಗಮನಿಸಿ. ಒಂದು, 400 ಕಾಲಂಗಳಲ್ಲಿ ಹೆಚ್ಚಿನವರಿಗೆ ಬೇಕಾದವು ಕೆಲವೇ. ಆ ಕೆಲವನ್ನಷ್ಟೇ ಒಳಗೊಂಡ ಸೂಚಿಗಳನ್ನು ಮಾಡಿದರೆ ಉತ್ತರ ಸೂಚಿಯಲ್ಲೇ ಸಿಗುತ್ತದೆ, ಮೂಲ ಕೋಷ್ಟಕದ ತಂಟೆಗೇ ಹೋಗಬೇಕಿಲ್ಲ. ಓದಬೇಕಾದ ಬೈಟ್‌ಗಳು ಹತ್ತನೇ ಒಂದಕ್ಕೆ ಇಳಿದರೆ 280 ಸೆಕೆಂಡು 28 ಆಗುತ್ತದೆ.

ಎರಡು, ಆಕಾಶಗೋಳವನ್ನು ಎಂಟು ತ್ರಿಕೋನಗಳಾಗಿ ಒಡೆದು, ಒಂದೊಂದನ್ನೂ ನಾಲ್ಕಾಗಿ, ಮತ್ತೆ ನಾಲ್ಕಾಗಿ, ಹೀಗೆ 20 ಬಾರಿ ಒಡೆದರು. ಕೊನೆಗೆ ದೊರೆಯುವ ತ್ರಿಕೋನಗಳು ಸುಮಾರು 8.8 ಲಕ್ಷ ಕೋಟಿ. ಒಂದೊಂದರ ಬಾಹು ಸುಮಾರು ಮೂರನೇ ಒಂದು ಕೋನಸೆಕೆಂಡು. ಪ್ರತಿ ಆಕಾಶಕಾಯಕ್ಕೂ ಅದಿರುವ ತ್ರಿಕೋನದ ಸಂಖ್ಯೆಯನ್ನು ಕೊಟ್ಟರು. ಒಂದೇ ದೊಡ್ಡ ತ್ರಿಕೋನದೊಳಗಿನ ಕಾಯಗಳ ಸಂಖ್ಯೆಗಳು ಆರಂಭದಲ್ಲಿ ಒಂದೇ ಆಗಿರುತ್ತವೆ. ಹೀಗಾಗಿ 'ಈ ಬಿಂದುವಿನ ಸುತ್ತ ಏನಿದೆ?' ಎಂಬ ಎರಡು ಆಯಾಮದ ಪ್ರಶ್ನೆ ಕೆಲವು ಸಂಖ್ಯಾವ್ಯಾಪ್ತಿಗಳನ್ನು ಹುಡುಕುವ ಒಂದು ಆಯಾಮದ ಪ್ರಶ್ನೆಯಾಗುತ್ತದೆ. ಅದಕ್ಕೆ ಬಿ-ಟ್ರೀ ಸಾಕು. ಇದು ನಿಜಕ್ಕೂ ಸುಂದರ ಉಪಾಯ.

ಮೂರು, ನೆರೆಹೊರೆಯ ಪ್ರಶ್ನೆ. 1.4 ಕೋಟಿ ಕಾಯಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ ಸುಮಾರು 98 ಲಕ್ಷ ಕೋಟಿ ಜೋಡಿಗಳು. ಸೆಕೆಂಡಿಗೆ 10 ಕೋಟಿ ಹೋಲಿಸಿದರೂ 11 ದಿನ ಬೇಕು. ಬದಲಿಗೆ, ಅರ್ಧ ಕೋನನಿಮಿಷದೊಳಗಿನ ನೆರೆಯವರನ್ನು ಒಮ್ಮೆ ಲೆಕ್ಕಹಾಕಿ ಬೇರೊಂದು ಕೋಷ್ಟಕದಲ್ಲಿ ಬರೆದಿಟ್ಟರು. ಎಲ್ಲರೂ ಮತ್ತೆ ಮತ್ತೆ ಕೇಳುವುದನ್ನು ಒಮ್ಮೆ ಮಾತ್ರ ಲೆಕ್ಕಹಾಕು ಎಂಬ ಈ ತತ್ತ್ವ ಯಾವ ಜಾಲತಾಣಕ್ಕೂ ಅನ್ವಯಿಸುತ್ತದೆ.

ಇವೆಲ್ಲದರ ಹಿಂದಿರುವ ಮಾತು ಒಂದೇ. ಪ್ರಶ್ನೆ ನಿಧಾನವಾಗುವುದು ಹೆಚ್ಚಾಗಿ ಯಂತ್ರ ದುರ್ಬಲವೆಂದಲ್ಲ; ದತ್ತಾಂಶವನ್ನು ಜೋಡಿಸಿಟ್ಟ ಕ್ರಮಕ್ಕೂ ಕೇಳಿದ ಪ್ರಶ್ನೆಗೂ ತಾಳೆಯಿಲ್ಲವೆಂದು. ಜೋಡಣೆಯಲ್ಲೇ ಮುಂದೆ ಬರಲಿರುವ ಪ್ರಶ್ನೆಗಳ ಬಗ್ಗೆ ಒಂದು ಊಹೆ ಅಡಗಿದೆ.

ಊಹಿಸದ ಪ್ರಶ್ನೆ ಬಂದಾಗ

ಅಲ್ಲಿಯೇ ನನ್ನ ಮೊದಲ ಆಕ್ಷೇಪವೂ ಹುಟ್ಟುತ್ತದೆ. ಊಹೆಯಲ್ಲಿಲ್ಲದ ಪ್ರಶ್ನೆ ಬಂದರೆ? ಒಂದು ಸರಳ ಉದಾಹರಣೆ ನೋಡಿ. ಹಸಿರು ಮತ್ತು ಕೆಂಪು ಬಣ್ಣಗಳ ಕಾಂತಿಮಾನವನ್ನು ಜಿ ಮತ್ತು ಆರ್ ಎನ್ನೋಣ. 'ಆರ್ < 17' ಎಂದರೆ ಆರ್‌ನ ಸೂಚಿ ನೆರವಾಗುತ್ತದೆ. ಆದರೆ ಖಗೋಳಜ್ಞನಿಗೆ ಬೇಕಾದದ್ದು ಹೆಚ್ಚಾಗಿ ಬಣ್ಣ, ಅಂದರೆ 'ಜಿ − ಆರ್ > 0.8'. ಜಿಗೆ ಒಂದು, ಆರ್‌ಗೆ ಒಂದು ಬೇರೆ ಬೇರೆ ಸೂಚಿಗಳಿದ್ದರೂ ಅವುಗಳ ವ್ಯತ್ಯಾಸ ಯಾವ ಸೂಚಿಯಲ್ಲೂ ಕ್ರಮವಾಗಿಲ್ಲ. ಪ್ರತಿ ಸಾಲಿನಲ್ಲೂ ಕಳೆದು ನೋಡಬೇಕು. ಅಷ್ಟೇ ಏಕೆ, 'ಆರ್ × ಆರ್ < 289' ಎಂದು ಬರೆದರೂ ಇದೇ ಪಾಡು. ಗಣಿತದಲ್ಲಿ ಧನಸಂಖ್ಯೆಗಳಿಗೆ ಇದು 'ಆರ್ < 17' ಎಂಬುದಕ್ಕೆ ಸಮ, ದತ್ತಸಂಚಯಕ್ಕೆ ಅಲ್ಲ. ಸೂಚಿ ಇರುವ ಕಾಲಂ ಅನ್ನು ಲೆಕ್ಕದೊಳಗೆ ಹುದುಗಿಸಬೇಡಿ ಎಂಬ ಪಾಠ ಇಲ್ಲಿದೆ.

1970ರಲ್ಲಿ ಕಾಡ್ ಅವರು ಕೋಷ್ಟಕಗಳ ದತ್ತಸಂಚಯವನ್ನು ಪ್ರತಿಪಾದಿಸಿದಾಗ ಅದರ ಆಶ್ವಾಸನೆ ಹೀಗಿತ್ತು: ಏನು ಬೇಕೆಂದು ಹೇಳಿದರೆ ಸಾಕು, ದತ್ತಾಂಶ ಒಳಗೆ ಹೇಗೆ ಜೋಡಣೆಯಾಗಿದೆ ಎಂಬುದು ಬಳಕೆದಾರನಿಗೆ ತಿಳಿಯಬೇಕಿಲ್ಲ. ಉತ್ತರ ಸರಿಯಿರುವುದಕ್ಕೆ ಈ ಮಾತು ನಿಜ. ಉತ್ತರ ಬೇಗ ಬರುವುದಕ್ಕೆ ನಿಜವಲ್ಲ. ಸಣ್ಣ ಕೋಷ್ಟಕದಲ್ಲಿ ಈ ಅಂತರ ಕಾಣುವುದಿಲ್ಲ. ಕೋಟಿ ಸಾಲುಗಳ ಮುಂದೆ ಅದನ್ನು ಮರೆಮಾಡಲಾಗುವುದಿಲ್ಲ.

ಅರ್ಧ ಉತ್ತರದ ಅಪಾಯ

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಒಬ್ಬನ ದೊಡ್ಡ ಪ್ರಶ್ನೆ ಉಳಿದವರನ್ನು ಕಾಯಿಸಬಾರದೆಂದು ಆರಂಭದ ಸ್ಕೈಸರ್ವರ್ 1,000 ಸಾಲು ಅಥವಾ 30 ಸೆಕೆಂಡಿನ ಮಿತಿ ಹಾಕಿತು. ನಂತರ ಈ ಮಿತಿಗಳನ್ನು ಸಡಿಲಿಸಲಾಯಿತು. ದೀರ್ಘ ಪ್ರಶ್ನೆಗಳನ್ನು ಸರದಿಯಲ್ಲಿಟ್ಟು, ಫಲಿತಾಂಶವನ್ನು ಬಳಕೆದಾರನ ಸ್ವಂತ ಜಾಗದಲ್ಲಿ ಶೇಖರಿಸುವ 'ಕ್ಯಾಸ್‌ಜಾಬ್ಸ್' ಎಂಬ ವ್ಯವಸ್ಥೆಯೂ ಬಂತು. ಗುಂಡಿ ಒತ್ತಿದೊಡನೆ ಉತ್ತರ ಬರಬೇಕೆಂಬ ಹಟ ಬಿಟ್ಟ ಈ ಕ್ರಮ ವಿವೇಕದ್ದು. ಮಿತಿ ಹಾಕಿದ್ದು ತಪ್ಪಲ್ಲ. ಆದರೆ ಮಿತಿಗೆ ಸಿಕ್ಕಿ ತುಂಡಾದ ಉತ್ತರ ಏನನ್ನು ಪ್ರತಿನಿಧಿಸುತ್ತದೆ?

ಕ್ರಮ ಹೇಳದೆ 'ಮೊದಲ 1,000 ಗೆಲಾಕ್ಸಿ ಕೊಡು' ಎಂದರೆ ದತ್ತಸಂಚಯ ತನಗೆ ಸುಲಭವಾಗಿ ಸಿಕ್ಕಿದ್ದನ್ನು ಕೊಡುತ್ತದೆ. ಸ್ಕೈಸರ್ವರ್‌ನಲ್ಲಿ ಪ್ರತಿ ಕಾಯದ ಗುರುತುಸಂಖ್ಯೆಯೊಳಗೆ ಅದು ಯಾವ ವೀಕ್ಷಣಾ ಓಟದಲ್ಲಿ, ಕ್ಯಾಮೆರಾದ ಯಾವ ಸಾಲಿನಲ್ಲಿ, ಯಾವ ಚೌಕಟ್ಟಿನಲ್ಲಿ ಕಂಡಿತು ಎಂಬುದೆಲ್ಲ ಅಡಕವಾಗಿದೆ. ಅದೇ ಕ್ರಮದಲ್ಲಿ ಸಾಲುಗಳು ಹೊರಬಂದರೆ ನಿಮ್ಮ 1,000 ಗೆಲಾಕ್ಸಿಗಳು ಆಕಾಶದ ಅಕ್ಕಪಕ್ಕದ ಕೆಲವೇ ಚೌಕಟ್ಟುಗಳಿಂದ ಬಂದಿರುತ್ತವೆ. ಒಂದು ಚೌಕಟ್ಟಿನ ವಿಸ್ತಾರವೋ ಹುಣ್ಣಿಮೆಯ ಚಂದ್ರಬಿಂಬಕ್ಕಿಂತ ಕಡಿಮೆ. ಅಲ್ಲೊಂದು ಗೆಲಾಕ್ಸಿ ಗುಚ್ಛವಿದ್ದರೆ? ವಿದ್ಯಾರ್ಥಿ ಎಳೆಯುವ ನಕ್ಷೆಯಲ್ಲಿ ಕೆಂಪು ಗೆಲಾಕ್ಸಿಗಳೇ ತುಂಬಿಕೊಳ್ಳುತ್ತವೆ. 'ವಿಶ್ವದಲ್ಲಿ ಕೆಂಪು ಗೆಲಾಕ್ಸಿಗಳೇ ಹೆಚ್ಚು' ಎಂದು ಅವನು ತೀರ್ಮಾನಿಸಿದರೆ ತಪ್ಪು ಯಾರದು? ಒಂದೇ ಓಣಿಯ ಮನೆಗಳನ್ನು ಎಣಿಸಿ ಇಡೀ ರಾಜ್ಯದ ಜನಗಣತಿ ಬರೆದಂತಾಯಿತು. ನಿಧಾನವಾದ ಉತ್ತರ ಬೇಸರ ತರುತ್ತದೆ, ಅಷ್ಟೆ. ವೇಗವಾಗಿ ಬಂದ ಪಕ್ಷಪಾತದ ಉತ್ತರ ವಿಜ್ಞಾನವನ್ನೇ ಕೆಡಿಸುತ್ತದೆ.

ಇದಕ್ಕೆ ಮದ್ದು ಅಲ್ಲಿಯೇ ಇದೆ. ತಾಣದ ಮಾದರಿ ಪ್ರಶ್ನೆಗಳಲ್ಲಿ ಒಂದು, ತ್ರಿಕೋನಸಂಖ್ಯೆಯನ್ನು 37ರಿಂದ ಗುಣಿಸಿ ಕೊನೆಯ 16 ಬಿಟ್‌ಗಳನ್ನು ಮಾತ್ರ ನೋಡಿ, ಸುಮಾರು ನೂರಕ್ಕೆ ಒಂದರಂತೆ ಇಡೀ ಆಕಾಶದಿಂದ ಆಯುವ ಉಪಾಯ ಹೇಳುತ್ತದೆ. ಅದು ಹತ್ತಾರು ಮಾದರಿಗಳ ನಡುವೆ ಒಂದಾಗಿ ಉಳಿಯಬಾರದಿತ್ತು. 'ಮೊದಲ ಸಾವಿರ' ಬೇಡುವ ಪ್ರತಿ ಹೊಸಬನಿಗೂ ಮೊದಲ ಪುಟದಲ್ಲೇ ಅದು ಎದುರಾಗಬೇಕಿತ್ತು.

ಸಾಮಾನ್ಯ ಜಾಲತಾಣಗಳಲ್ಲೂ ಇದರ ಸೋದರ ದೋಷವೊಂದಿದೆ. ಪುಟಕ್ಕೆ 20ರಂತೆ ತೋರಿಸುವಾಗ 50,001ನೆಯ ಪುಟ ಕೇಳಿದರೆ ಅನೇಕ ತಂತ್ರಾಂಶಗಳು ಮೊದಲ 10 ಲಕ್ಷ ಸಾಲುಗಳನ್ನು ಎಣಿಸಿ ಬಿಸುಟು 20ನ್ನು ಕೊಡುತ್ತವೆ. ಹಿಂದಿನ ಪುಟದ ಕೊನೆಯ ಸಂಖ್ಯೆಯನ್ನು ನೆನಪಿಟ್ಟು 'ಇದರ ಮುಂದಿನ 20' ಎಂದು ಕೇಳಿದರೆ ಸೂಚಿ ನೇರ ಅಲ್ಲಿಗೇ ಇಳಿಯುತ್ತದೆ.

ತರಗತಿಗೆ ಒಂದು ಸಲಹೆ

ದತ್ತಸಂಚಯದ ಪ್ರಯೋಗ ತರಗತಿಗಳಲ್ಲಿ ಹತ್ತು ವಿದ್ಯಾರ್ಥಿಗಳ ಹೆಸರು, ಅಂಕಗಳ ಕೋಷ್ಟಕ ಬರೆಸುವುದು ವಾಡಿಕೆ. ಹತ್ತು ಸಾಲುಗಳಲ್ಲಿ ಒಳ್ಳೆಯ ಪ್ರಶ್ನೆಗೂ ಕೆಟ್ಟ ಪ್ರಶ್ನೆಗೂ ಭೇದವೇ ತಿಳಿಯದು. ಘರ್ಷಣೆಯಿಲ್ಲದ ಸಮತಲದ ಲೆಕ್ಕವನ್ನಷ್ಟೇ ಮಾಡಿಸಿ, ಗಾಡಿ ಏಕೆ ನಿಲ್ಲುತ್ತದೆ ಎಂದು ಕೇಳಿದಂತಾಗುತ್ತದೆ ಇದು. ಉಚಿತವಾಗಿ ದೊರೆಯುವ ಎಸ್‌ಕ್ಯೂಲೈಟ್ ಇದ್ದರೆ ಸಾಕು. ಯಾದೃಚ್ಛಿಕ ಸಂಖ್ಯೆಗಳಿಂದ 20 ಲಕ್ಷ ಸಾಲುಗಳ ಕೋಷ್ಟಕ ಮಾಡಿಸಿ. ಸೂಚಿಯಿಲ್ಲದೆ ಒಮ್ಮೆ, ಸೂಚಿ ಮಾಡಿ ಮತ್ತೊಮ್ಮೆ ಒಂದೇ ಪ್ರಶ್ನೆ ಕೇಳಿಸಿ, ಕಾಲ ಅಳೆಯಿಸಿ. ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಎಂದು ಸೇರಿಸಿದರೆ ದತ್ತಸಂಚಯ ತಾನು ಹಿಡಿಯುವ ದಾರಿಯನ್ನು ಹೇಳುತ್ತದೆ. 'ಸ್ಕ್ಯಾನ್' ಎಂದರೆ ಉದ್ದಕ್ಕೂ ಓದುತ್ತಿದೆ, 'ಸರ್ಚ್' ಎಂದರೆ ಸೂಚಿ ಹಿಡಿದು ಹೋಗುತ್ತಿದೆ. ಬಳಿಕ ಕಾಲಂ ಅನ್ನು ಲೆಕ್ಕದೊಳಗೆ ಹುದುಗಿಸಿ, 'ಸರ್ಚ್' ಹೋಗಿ 'ಸ್ಕ್ಯಾನ್' ಬರುವುದನ್ನು ತೋರಿಸಿ. ಸಾಲುಗಳನ್ನು ಎರಡು ಪಟ್ಟು, ನಾಲ್ಕು ಪಟ್ಟು ಮಾಡಿ ಕಾಲದ ನಕ್ಷೆ ಎಳೆಸಿ. ಒಂದು ಸರಳರೇಖೆಯಾಗಿ ಏರುತ್ತದೆ, ಇನ್ನೊಂದು ಏರಿದ್ದೇ ತಿಳಿಯುವುದಿಲ್ಲ. ಇದು ಯಾವ ಭೌತಶಾಸ್ತ್ರ ಪ್ರಯೋಗಕ್ಕೂ ಕಡಿಮೆಯಲ್ಲ.

ಆಮೇಲೆ ಸ್ಕೈಸರ್ವರ್‌ಗೆ ಹೋಗಿ. ಅದರ ರಚನೆ ಇಂದಿಗೂ ಅಭ್ಯಾಸಯೋಗ್ಯ. ಪ್ರಶ್ನೆಗಳನ್ನು ಮೊದಲು ಪಟ್ಟಿಮಾಡಿ ಆಮೇಲೆ ಕೋಷ್ಟಕ ಕಟ್ಟುವ ಅದರ ಕ್ರಮವನ್ನು ನಮ್ಮ ಜಾಲತಾಣಗಳನ್ನು ಕಟ್ಟುವವರೂ ಅನುಸರಿಸಬೇಕು. ಆದರೆ ಉತ್ತರ ಬಂದಾಗ ಅದು ಎಷ್ಟು ಬೇಗ ಬಂತು ಎಂಬುದರ ಜೊತೆಗೆ, ಅದು ಪೂರ್ತಿ ಉತ್ತರವೇ, ತುಂಡಾಗಿದ್ದರೆ ಯಾವ ಮೂಲೆಯ ತುಂಡು ಎಂದೂ ನಿಮ್ಮ ವಿದ್ಯಾರ್ಥಿಗಳು ಕೇಳಲಿ.